ಸೋಮವಾರ ಔಷಧಿ ಕುಡಿದ ಕಾರು

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ, ಕಾರಿತ್ತು. ಶಿಕಾರಿಪುರದ ಆ ಮನೆಯ ತಲೆಬಾಗಿಲು ದಾಟಿದರೆ ಎಡಕ್ಕೆ ಪಾತ್ರೆ ಒಟ್ಟಿದ ಕೋಣೆ, ಬಲಕ್ಕೆ ಕೊಟ್ಟಿಗೆ, ನಡುವೆ ನಾವೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದ ಪಡಸಾಲೆ. ಉಣ್ಣುವವರಿಗೂ ಕೊಟ್ಟಿಗೆಗೂ ನಡುವೆ ಗೋಡೆ ಇರಲಿಲ್ಲ, ಮೊಣಕಾಲೆತ್ತರದ ಕಟ್ಟೆಯೊಂದಿತ್ತು ಅಷ್ಟೆ. ಹಿಂದೆ ಎತ್ತುಗಳು ಆ ಕಟ್ಟೆಯ ಮೇಲೆ ಮೂತಿ ಚಾಚಿ ಮನೆಯವರ ಊಟ ನೋಡುತ್ತಿದ್ದವಂತೆ. ನನ್ನ ಕಾಲಕ್ಕೆ ಕಾರಿನ ಎರಡು ದುಂಡು ದೀಪಗಳು ನನ್ನ ತಟ್ಟೆಯನ್ನು ನೋಡುತ್ತಿದ್ದವು. ಅಜ್ಜ ಹೊಲವನ್ನು ಬೆಳೆಯ ಪಾಲಿನ ಮೇಲೆ ಕೋರಿಗೆ ಕೊಟ್ಟು, ಕೊನೆಯ ಜೋಡಿ ಎತ್ತನ್ನು ಮಾರಿ, ಪಾತ್ರೆ ಅಂಗಡಿ ತೆರೆದಾಗ, ಸಂತೆಯಿಂದ ಸಂತೆಗೆ ಕೊಡ, ಕೊಳಗ, ಪರಾತ ಸಾಗಿಸಲೆಂದು ಆಕಾಶಬಣ್ಣದ ಹಳೆಯ ಪೆಟ್ರೋಲ್ ಕಾರೊಂದನ್ನು ತಂದಿದ್ದ. ಅದು ಒಳಗೆ ಬರಲೆಂದು ಕೊಟ್ಟಿಗೆಯ ಹಿಂದಿನ ಗೋಡೆ ಒಡೆದು ಅಗಲದ ಬಾಗಿಲು ಇಡಿಸಿದ್ದ. ಎತ್ತುಗಳೇನೋ ಹೋದವು, ಅಜ್ಜನ ಮಾತಿನಿಂದ ಮಾತ್ರ ಹೋಗಲಿಲ್ಲ. ಕಾರು ನಿಲ್ಲಿಸಿದರೆ ‘ಕಟ್ಟಿದೆ’ ಅನ್ನುತ್ತಿದ್ದ, ಹೊರಡಿಸಿದರೆ ‘ಹೂಡಿದೆ’. ಪೆಟ್ರೋಲ್ ಹಾಕಿಸಿಕೊಂಡು ಬಂದರೆ ‘ನೀರು ಕುಡಿಸ್ಕಂಡು ಬಂದೆ’. ಈ ಮಾತುಗಳ ನಡುವೆಯೇ ಬೆಳೆದ ನನಗೆ ಅವು ಬೇರೆ ಅನ್ನಿಸುತ್ತಲೇ ಇರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು, ನಿಮ್ಮ ಮನೆಯಲ್ಲಿ ಏನೇನು ಸಾಕಿದ್ದೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಾಗ ನಾನು ಎದ್ದುನಿಂತು, “ಒಂದು ಬೆಕ್ಕು, ಒಂದು ಕಾರು ಸಾರ್” ಅಂದಿದ್ದೆ. ಇಡೀ ತರಗತಿ ನಕ್ಕಿತು. ಮನೆಗೆ ಬಂದು ಹೇಳಿದರೆ ಅಜ್ಜ ಮಾತ್ರ ನಗಲಿಲ್ಲ. “ಸರಿಯಾಗೇ ಹೇಳೀಯಲ್ಲ” ಅಂದ.

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುವುದು. ಅಜ್ಜ ಈ ಕಟ್ಟಳೆಯನ್ನು ಒಂದಿಷ್ಟೂ ಸಡಿಲಿಸದೆ ಕಾರಿಗೆ ದಾಟಿಸಿದ್ದ. ಸೋಮವಾರ ಬೆಳಿಗ್ಗೆ ಕಾರಿಗೆ ಸ್ನಾನ, ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ಆಮೇಲೆ ಸಂಜೆಯವರೆಗೂ ವಿಶ್ರಾಂತಿ. ಕೀಲಿ ತಿರುಗಿಸುವಂತಿಲ್ಲ, ಪಾನಾ ಮುಟ್ಟಿಸುವಂತಿಲ್ಲ, ಗಾಳಿ ಕೂಡ ಹೊಡೆಸುವಂತಿಲ್ಲ. ಅಪ್ಪನಿಗೆ ಇದರಿಂದ ಅಂಗಡಿಯ ಕೆಲಸಕ್ಕೆ ಎಷ್ಟೋ ಸಲ ತೊಂದರೆಯಾಗುತ್ತಿತ್ತು. ಆದರೆ ಅಪ್ಪ ಅಜ್ಜನ ಎದುರು ಮಾತಾಡುವ ಮನುಷ್ಯನಲ್ಲ. ಮಾತಾಡಬೇಕಾದದ್ದನ್ನು ಕೊಡ ಪಾತ್ರೆಗಳನ್ನು ಜೋರಾಗಿ ಎತ್ತಿಟ್ಟು ಹೇಳುತ್ತಿದ್ದ.

ಈ ಕಾರಿಗೆ ಇದ್ದ ಒಂದೇ ದೊಡ್ಡ ರೋಗ ಅದರ ಪೆಟ್ರೋಲ್ ಪಂಪು. ಇಂಜಿನ್ನಿನ ಪಕ್ಕೆಗೆ ಕಚ್ಚಿಕೊಂಡಿದ್ದ ಮುಷ್ಟಿಯಷ್ಟು ಗಾತ್ರದ ಸಾಮಾನು ಅದು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಮುಂದಕ್ಕೆ ದೂಡುವುದು ಅದರ ಕೆಲಸ. ಒಳಗೆ ತಮಟೆಯ ಚರ್ಮದ ಹಾಗೆ ಬಿಗಿದ ಒಂದು ಪೊರೆ ಇರುತ್ತದೆ. ಇಂಜಿನ್ ತಿರುಗಿದಂತೆಲ್ಲ ಒಂದು ಸಣ್ಣ ತೋಳು ಆ ಪೊರೆಯನ್ನು ಎಳೆದು ಎಳೆದು ಬಿಡುತ್ತದೆ. ನಮ್ಮ ಪಂಪಿನ ಪೊರೆಗೆ ವಯಸ್ಸಾಗಿತ್ತು. ಸ್ವಲ್ಪ ಬಿಸಿಯೇರಿದರೆ ಸಾಕು, ಕಾರು ಕೆಮ್ಮಿ, ಮುಗ್ಗರಿಸಿ, ರಸ್ತೆಯ ನಡುವೆಯೇ ನಿಂತುಬಿಡುತ್ತಿತ್ತು. ಆಗ ಅಜ್ಜ ಇಳಿದು ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಚೊಂಬಿನಿಂದ ನೀರು ತಟ್ಟಿ, ಜ್ವರ ಬಂದ ಕೂಸಿನ ಪಕ್ಕ ಕೂತ ಹಾಗೆ ಕೂರುತ್ತಿದ್ದ. ಹೊಸ ಪಂಪು ಇರಲಿಲ್ಲವೆಂದಲ್ಲ. ದಾವಣಗೆರೆಗೆ ಪಾತ್ರೆ ತರಲು ಹೋದಾಗ ಅಪ್ಪ ಒಂದನ್ನು ತಂದುಕೊಟ್ಟಿದ್ದ. ಅದು ಅಜ್ಜಿಯ ರೇಷ್ಮೆ ಸೀರೆಯ ಟ್ರಂಕಿನೊಳಗೆ, ನುಸಿಗುಳಿಗೆಗಳ ನಡುವೆ, ಬಿಳಿ ಪಂಚೆಯ ತುಂಡೊಂದರಲ್ಲಿ ಸುತ್ತಿಕೊಂಡು ಮಲಗಿತ್ತು.

“ಹಾಕಿಬಿಡ್ರಿ ಅದನ್ನ” ಎಂದು ಅಜ್ಜಿ ಹೇಳಿದಾಗಲೆಲ್ಲ ಅಜ್ಜನದು ಒಂದೇ ಉತ್ತರ:

“ಇರೋ ಎತ್ತು ನಡೀತಿರೋವಾಗ ಅದರ ಕಣ್ಮುಂದೇನೇ ಇನ್ನೊಂದನ್ನ ತಂದು ಕಟ್ತಾರೇನೇ?”

ಆ ನಡೆಯುತ್ತಿದ್ದ ಎತ್ತು ನನ್ನ ಸೋದರತ್ತೆ ಗೌರತ್ತೆಯ ಮದುವೆಯ ದಿನ ಶಿರಾಳಕೊಪ್ಪ ದಾಟಿದ ಮೇಲೆ ನಿಂತುಬಿಟ್ಟಿತ್ತು. ಮದುವೆ ಸೊರಬದಲ್ಲಿ, ಗಂಡಿನ ಮನೆಯಲ್ಲಿ. ಒದ್ದೆ ಬಟ್ಟೆಗೂ ಬಗ್ಗದೆ, ಚೊಂಬಿನ ನೀರಿಗೂ ಬಗ್ಗದೆ ಕಾರು ಮಲಗಿದಾಗ, ಮದುಮಗಳು ಬಾಸಿಂಗ ಕೈಯಲ್ಲಿ ಹಿಡಿದುಕೊಂಡು ಯಾರದೋ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಹತ್ತಿ ಹೋಗಬೇಕಾಯಿತು. ಮುಹೂರ್ತ ಇನ್ನೇನು ಜಾರಿತು ಅನ್ನುವಾಗ ಮುಟ್ಟಿದೆವು. ಗೌರತ್ತೆಯ ಅತ್ತೆ, ನಮ್ಮ ಬೀಗಿತ್ತಿ ನೀಲಮ್ಮ, ಮಂಟಪದಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದರು:

“ನಾವು ಬರೇ ಹುಡುಗಿ ನೋಡಿ ಒಪ್ಕೊಂಡ್ವಿ ಮಾರಾಯ್ರೆ. ಕಾರು ನೋಡಿದ್ರೆ ಈ ಸಂಬಂಧ ಬೇಡ ಅಂತಿದ್ವಿ.”

ಎಲ್ಲರೂ ನಕ್ಕರು. ಅಜ್ಜಿಯೊಬ್ಬಳು ನಗಲಿಲ್ಲ. ಆ ಮಾತು ಮಂಟಪದಲ್ಲೇ ಮುಗಿಯಲೂ ಇಲ್ಲ. ಸೊರಬದ ಆ ಮನೆಯಲ್ಲಿ ಗೌರತ್ತೆ ಹಾಲು ಕಾಯಿಸುವುದು ತಡವಾದರೆ, ಬಟ್ಟೆ ಒಗೆಯುವುದು ತಡವಾದರೆ, ತಲೆ ಬಾಚಿಕೊಳ್ಳುವುದು ತಡವಾದರೆ, “ತವರಿನ ಕಾರಿನ ಬುದ್ಧಿ” ಎಂಬ ಮಾತು ಬರುತ್ತಿತ್ತಂತೆ. ಗೌರತ್ತೆ ಇದನ್ನು ನಗುತ್ತಲೇ ಬಂದು ಹೇಳಿದ್ದಳು. ಅಜ್ಜಿ ಕೇಳಿಸಿಕೊಂಡದ್ದು ಬೇರೆ ಥರ.

ಗೌರತ್ತೆ ಬಸುರಾದಳು. ಐದನೇ ತಿಂಗಳಿಗೆ ಕುಬಸ. ಬಸುರಿ ಮಗಳಿಗೆ ತವರಿನವರು ಬುತ್ತಿ ಕಟ್ಟಿಕೊಂಡು, ಹಸಿರು ಬಳೆ, ಹಸಿರು ಕುಬಸ ಒಯ್ದು, ಮಣೆಯ ಮೇಲೆ ಕೂರಿಸಿ, ತಾಯಿಯೇ ಕೈಯಾರೆ ಆ ರವಿಕೆ ತೊಡಿಸುವ ಕಾರ್ಯ ಅದು. ಬೀಗರು ಅವರ ಕಡೆಯ ಅಯ್ಯನವರನ್ನು ಕೇಳಿ ದಿನ ಗೊತ್ತು ಮಾಡಿದರು. ಸೋಮವಾರ, ಹೊತ್ತು ನೆತ್ತಿಗೇರುವುದರೊಳಗೆ. ಸೋಮವಾರ ಎಂದಾಗ ಅಜ್ಜ ಹುಬ್ಬು ಗಂಟಿಕ್ಕಿ, ಆಮೇಲೆ ತಾನೇ ದಾರಿ ಮಾಡಿದ. ಭಾನುವಾರ ಸಂಜೆಯೇ ಹೂಡಿಕೊಂಡು ಹೋಗಿ, ಸೊರಬದಲ್ಲಿ ಅವನ ಪರಿಚಯದ ವ್ಯಾಪಾರಿಯ ಮನೆಯಲ್ಲಿ ಇಳಿದುಕೊಳ್ಳುವುದು. ಹೆಣ್ಣು ಕೊಟ್ಟ ಮನೆಯಲ್ಲಿ ರಾತ್ರಿ ಮಲಗುವ ಪದ್ಧತಿ ಅಜ್ಜಿಗಿರಲಿಲ್ಲ. ಸೋಮವಾರ ಬೀಗರ ಮನೆಗೆ ನಡೆದು ಹೋಗುವುದು. ಕಾರು ಮಂಗಳವಾರದವರೆಗೆ ಅಲ್ಲೇ ಕಟ್ಟಿರುತ್ತದೆ.

ಇದೆಲ್ಲ ಸುಸೂತ್ರವಾಗಿ ಕೂತಿದ್ದಾಗ ಎರಡೂ ಊರಿಗೆ ಬಳೆ ಹೊತ್ತು ಹೋಗುವ ಬಳೆಗಾರ್ತಿ ಬಂದಳು. ಅಜ್ಜಿಗೆ ಹಸಿರು ಬಳೆ ಆರಿಸಿಕೊಡುತ್ತಾ ಹೇಳಿದಳು:

“ನಿಮ್ಮ ಬೀಗಿತ್ತಿ ಅಂಗಡಿಯಿಂದ ಇನ್ನೊಂದು ಹಸಿರು ಕುಬಸ ತಂದಿಟ್ಕಂಡಾರ್ರೀ ಯಮ್ಮ. ಯಾಕ್ರಿ ಅಂತ ಕೇಳಿದ್ರೆ, ತವರಿನೋರ ಕಾರು ಬರ್ಲಿಲ್ಲ ಅಂದ್ರೆ ಹುಡುಗಿನ ಮಣೆ ಮೇಲಿಂದ ಬರೇ ಮೈಯಾಗೆ ಎಬ್ಬಿಸಾಕಾಗ್ತದಾ ಅಂದ್ರು.”

ಅಜ್ಜಿ ಬಳೆಯ ಗೊಂಚಲನ್ನು ಹಾಗೇ ಕೆಳಗಿಟ್ಟಳು.

“ನಾನು ಗುಂಡ್ಕಲ್ಲಂಗೆ ಬದುಕಿರೋವಾಗ ನನ್ನ ಮಗಳಿಗೆ ಅಂಗಡಿ ಕುಬಸನಾ?”

ಅವತ್ತಿನಿಂದ ನಮ್ಮ ಅಡುಗೆಮನೆಯ ಒಲೆ ಆರಲಿಲ್ಲ. ಶೇಂಗಾ ಉಂಡಿ, ರವೆ ಉಂಡಿ, ಕರ್ಚಿಕಾಯಿ, ಚಕ್ಕುಲಿ, ಖಡಕ್ ರೊಟ್ಟಿ, ಎಣ್ಣೆಗಾಯಿ. ಅವ್ವ ಕರಿಯುವುದು, ನಾನು ಬಿದಿರಿನ ಪುಟ್ಟಿಗಳಿಗೆ ಬಿಳಿ ಬಟ್ಟೆ ಹಾಸಿ ಜೋಡಿಸುವುದು. ಅಜ್ಜಿ ಮಾತ್ರ ಕಿಟಕಿಯ ಬೆಳಕಿನಲ್ಲಿ ಕೂತು ಗುಳೇದಗುಡ್ಡದ ಖಣದಲ್ಲಿ ಕುಬಸ ಹೊಲಿದಳು. ಊರಿನಲ್ಲಿ ದರ್ಜಿಗಳಿಗೇನೂ ಬರವಿರಲಿಲ್ಲ. ಆದರೂ ಯಾರ ಕೈಗೂ ಕೊಡದೆ ಒಂದೊಂದು ಹೊಲಿಗೆಯನ್ನೂ ತುಟಿ ಬಿಗಿದು ತಾನೇ ಹಾಕುತ್ತಿದ್ದಳು. ಇನ್ನೊಂದು ಮಾತಿದೆ: ಕುಬಸದ ಪುಟ್ಟಿಯನ್ನು ಒಮ್ಮೆ ಹೊಸ್ತಿಲಿನಿಂದ ಎತ್ತಿದರೆ ಮಗಳ ಮುಂದೆ ಇಡುವವರೆಗೂ ನೆಲಕ್ಕಿಡಬಾರದು. ಆದ್ದರಿಂದಲೇ ಬಸ್ಸಿನ ಮಾತು ಎತ್ತುವ ಹಾಗಿರಲಿಲ್ಲ. ಬಸ್ಸಿನಲ್ಲಾದರೆ ಪುಟ್ಟಿಗಳು ಮೇಲೆ ಈರುಳ್ಳಿ ಚೀಲದ ಪಕ್ಕಕ್ಕೋ, ಕೆಳಗೆ ಜನರ ಕಾಲಿಗೋ.

ಭಾನುವಾರ ಮಧ್ಯಾಹ್ನ ಅಜ್ಜ ಕಾರಿಗೆ ನೀರು ಕುಡಿಸಿಕೊಂಡು ಬರಲು ಹೋದವನು ಹೊತ್ತು ಮುಳುಗುವಾಗ ಬಂದ. ಕಾರೂ ಬಂತು. ಆದರೆ ಅದನ್ನು ಬಸ್ ಸ್ಟ್ಯಾಂಡಿನ ಹಮಾಲರು ನೂಕಿಕೊಂಡು ಬಂದರು. ಅಜ್ಜ ಬಾನೆಟ್ ಎತ್ತಿ ಪಂಪಿನ ಕೆಳಗೆ ಬೆರಳಾಡಿಸಿ ಮೂಸಿದ. ತೊಟ್ಟು ತೊಟ್ಟಾಗಿ ಪೆಟ್ರೋಲ್ ಸೋರುತ್ತಿತ್ತು.

“ಪೊರೆ ಹರೀತು” ಅಂದ. ಮನೆಯ ಹಿರಿಯರು ಯಾರೋ ಹೋದರೆಂಬ ಹಾಗಿತ್ತು ದನಿ.

ಅಜ್ಜಿ ಒಳಗೆ ಹೋಗಿ ಟ್ರಂಕು ತೆರೆದು ಹೊಸ ಪಂಪನ್ನು ಪಂಚೆಯ ತುಂಡಿನ ಸಮೇತ ತಂದು ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಚಿಮಣಿ ಬುಡ್ಡಿ ಹಿಡಿದುಕೊಂಡು ಪೆಟ್ರೋಲ್ ಮುಟ್ಟುವ ಕೆಲಸವಲ್ಲ. ಕಾದೆವು, ಬರಲಿಲ್ಲ.

“ಬೆಳಿಗ್ಗೆ ಎದ್ದೋನೇ ಹಾಕ್ತೀಯಲ್ಲಪ್ಪಾ?” ಎಂದು ಅಪ್ಪ ಕೇಳಿದ.

“ಬೆಳಿಗ್ಗೆ ಸೋಮವಾರ” ಎಂದು ಅಜ್ಜ ಕೈ ತೊಳೆಯಲು ಹೋದ.

ಅಜ್ಜ ಕೆಟ್ಟವನಲ್ಲ. ಮಗಳೆಂದರೆ ಅವನಿಗೂ ಜೀವ. ಆದರೆ ಎತ್ತು ಮಾರಿದ ದಿನ ಅವುಗಳ ಬೆನ್ನ ಮೇಲೆ ಕೈಯಿಟ್ಟು, ಇನ್ನು ಯಾವ ಜೀವ ನನ್ನ ಕೊಟ್ಟಿಗೆಗೆ ಬಂದರೂ ಸೋಮವಾರ ದುಡಿಸುವುದಿಲ್ಲ ಎಂದು ಮಾತು ಕೊಟ್ಟಿದ್ದನಂತೆ. ಮಾತು ಕೊಟ್ಟದ್ದು ಎತ್ತಿಗಾದ್ದರಿಂದ, ಬಿಡಿಸಿಕೊಳ್ಳೋಣವೆಂದರೆ ಎತ್ತುಗಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಜ್ಜನ ಲಿಂಗಪೂಜೆ ಮುಗಿಯುವವರೆಗೂ ಅಜ್ಜಿ ಕಾದಳು. ಅವ್ವನ ಕಣ್ಣು ಕೆಂಪಾಗಿತ್ತು, ಅಪ್ಪ ಪಾತ್ರೆ ಕೋಣೆಯಲ್ಲಿ ಸದ್ದು ಮಾಡುತ್ತಿದ್ದ. ಅಜ್ಜಿ ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಅಜ್ಜನ ಮುಂದಿಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕದಲ್ಲಿ ಕೂತಳು.

“ಏನ್ರೀ, ನಮ್ಮ ಕೆಂದ ಎತ್ತಿಗೆ ಹೊಟ್ಟೆ ಉಬ್ಬರಿಸಿತ್ತಲ್ಲ, ಅವತ್ತು ಯಾವ ವಾರ?”

ಅಜ್ಜ ಅನುಮಾನದಿಂದ ನೋಡಿದ. “ಯಾವ ವಾರ ಆದ್ರೇನೀಗ?”

“ಸೋಮವಾರ. ನಂಗೆ ಚೆಂದಾಗಿ ನೆನಪೈತಿ. ಬಾಯಿಗೆ ಬಿದಿರು ಗೊಟ್ಟ ಇಟ್ಟು ಶುಂಠಿ ಎಣ್ಣೆ ಕುಡಿಸಿದ್ರಿ.”

“ಕುಡಿಸ್ದೆ ಸಾಯಾಕೆ ಬಿಡ್ತಾರೇನು? ಔಷಧಿಗೆ ವಾರ ಇಲ್ಲ.”

“ನಾನೂ ಅಷ್ಟೇ ಹೇಳೋದು.” ಅಜ್ಜಿ ಕಟ್ಟೆಯಾಚೆ ಕೈ ತೋರಿಸಿದಳು. “ಇದಕ್ಕೂ ಹೊಟ್ಟೆ ಕೆಟ್ಟೈತಿ.”

ಅಜ್ಜ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. ಪಾತ್ರೆ ಕೋಣೆಯ ಸದ್ದೂ ನಿಂತಿತು.

“ಔಷಧಿ ಹಾಕಬೋದು” ಅಂದ ಕೊನೆಗೆ, ತೂಗಿ ತೂಗಿ. “ಆದ್ರೆ ಹೂಡಾದಿಲ್ಲ.”

“ಹೂಡ್ರಿ ಅಂದೋರ್ಯಾರು?”

ನನಗೆ ಮಾತು ಬಂದದ್ದು ಅವ್ವನಿಂದ ಇರಬಹುದು, ಮಾತಾಡುವುದು ಹೇಗೆಂದು ಕಲಿತದ್ದು ಮಾತ್ರ ಆ ಕಟ್ಟೆಯ ಮೇಲೆ, ಅಜ್ಜಿಯಿಂದ. ಅಜ್ಜಿ ಅಜ್ಜನ ಜೊತೆ ವಾದಕ್ಕಿಳಿದದ್ದನ್ನು ನಾನು ಕಂಡೇ ಇಲ್ಲ. ಅವನು ನಂಬಿದ್ದನ್ನು ತಾನೂ ನಂಬಿ, ಅವನ ಜೊತೆಯಲ್ಲೇ ನಾಲ್ಕು ಹೆಜ್ಜೆ ನಡೆದು, ಐದನೆಯದನ್ನು ತನಗೆ ಬೇಕಾದ ಕಡೆ ಇಡುತ್ತಿದ್ದಳು.

ಔಷಧಿ ಎಂದಾದ ಮೇಲೆ ಅಜ್ಜನಿಗೆ ಎಲ್ಲಿಲ್ಲದ ಹುರುಪು. ತೋಳು ಮಡಿಚಿ ಇಂಜಿನ್ನಿನೊಳಗೆ ತಲೆ ಹಾಕಿದ. ಟ್ಯಾಂಕಿನ ಕಡೆಯಿಂದ ಬರುವ ಕೊಳವೆ ಬಿಚ್ಚಿ ಅದರ ಬಾಯಿಗೆ ಮರದ ಬೆಣೆ ಹೊಡೆದ. ಇನ್ನೊಂದು ಕೊಳವೆ ಬಿಚ್ಚಿದ. ಬಿಚ್ಚಿದ ನಟ್ಟುಗಳು ಉರುಳಿಹೋಗದ ಹಾಗೆ ಅಜ್ಜಿ ಒಗ್ಗರಣೆ ಸೌಟು ಒಡ್ಡಿ ನಿಂತಳು. ಹಳೆಯ ಪಂಪು ಹೊರಬಂತು. ಅದು ಕೂತಿದ್ದ ಜಾಗದಲ್ಲಿ ಹಳೆಯ ಪ್ಯಾಕಿಂಗು ಒಣಗಿದ ಹಪ್ಪಳದಂತೆ ಅಂಟಿಕೊಂಡಿತ್ತು. ಅದನ್ನು ಕೆರೆಯಲು ಅವ್ವ ತರಕಾರಿ ಹೆಚ್ಚುವ ಮೆಟ್ಟುಗತ್ತಿ ತರುತ್ತೇನೆ ಅಂದಳು. “ಗುಡ್ಡದ ಮೇಲಿನ ಕಲ್ಲು ಕೀಳಾಕಲ್ಲಮ್ಮ” ಎಂದು ಅಜ್ಜ ರೊಟ್ಟಿ ಮಗುಚುವ ತೆಳ್ಳನೆಯ ಚಾಚು ಈಸಿಕೊಂಡ. ಹೊಸ ಪ್ಯಾಕಿಂಗಿಗೆ ಗ್ರೀಸ್ ಸವರಿ, ಹೊಸ ಪಂಪು ಕೂರಿಸಿ, ಸೌಟಿನಿಂದ ನಟ್ಟು ಆರಿಸಿಕೊಂಡು ಬಿಗಿದು, ಕೊಳವೆಗಳನ್ನು ಜೋಡಿಸಿ, “ಶಿವಾ” ಎಂದು ಕೀಲಿ ತಿರುಗಿಸಿದ. ಕಾರು ಕೊರ್ ಕೊರ್ ಎಂದಿತು. ಮತ್ತೆ ತಿರುಗಿಸಿದ. ಕೊರ್ ಕೊರ್. ಇಂಜಿನ್ ತಿರುಗುತ್ತದೆ, ಪೆಟ್ರೋಲ್ ಬರುವುದಿಲ್ಲ.

ಹೊರಗೆ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಅಜ್ಜಿ ಬಿಸಿಲನ್ನೊಮ್ಮೆ, ಪುಟ್ಟಿಗಳನ್ನೊಮ್ಮೆ ನೋಡಿದಳು. ಅಜ್ಜ ಪಂಪನ್ನು ಮತ್ತೆ ಬಿಚ್ಚಿದ. ಕೈಯಲ್ಲಿ ಹಿಡಿದು ಅದರ ತೋಳನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ. ಚಪಕ್ ಚಪಕ್ ಎಂದು ಅದು ಆರೋಗ್ಯವಾಗಿ ಸದ್ದು ಮಾಡಿತು. ಆಮೇಲೆ ಇಂಜಿನ್ನಿನ ತೂತಿನೊಳಗೆ ಬೆರಳು ಬಿಟ್ಟು ಕಣ್ಣು ಮುಚ್ಚಿಕೊಂಡ. ಹಸುವಿನ ಹೊಟ್ಟೆಯಲ್ಲಿ ಕರು ಹೇಗೆ ತಿರುಗಿದೆ ಎಂದು ನೋಡುವವರ ಮುಖ ಹಾಗಿರುತ್ತದೆ.

“ಹತ್ ನಿನ್ನ! ತೋಳು ಅಚ್ಚಿನ ಆಚೆಗೆ ಕೂತೈತಿ. ಒಳಗೆ ತಿರುಗೋ ಅಚ್ಚು ಇದನ್ನ ಮುಟ್ತಾನೇ ಇಲ್ಲ.”

ಈ ಸಲ ಪಂಪನ್ನು ಓರೆಯಾಗಿ ಹಿಡಿದು, ತೋಳನ್ನು ಮೆತ್ತಗೆ ಒಳಗೆ ಜಾರಿಸಿ, ಅಚ್ಚಿನ ಮೇಲೆ ಸರಿಯಾಗಿ ಕೂರಿಸಿ ಬಿಗಿದ. ಕೀಲಿ ತಿರುಗಿಸಿದ. ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಕೊಟ್ಟಿಗೆಯೆಲ್ಲ ನಡುಗುವ ಹಾಗೆ ಕಾರು ಗುಡುಗಿತು. ಕಟ್ಟೆಯ ಮೇಲಿನ ಮಂಡಕ್ಕಿ ತಟ್ಟೆ ತಾನೇ ಕುಣಿಯಿತು. ಅವ್ವ ಅತ್ತೆ ಎನ್ನುವುದನ್ನೂ ಮರೆತು ಅಜ್ಜಿಯ ಕೈ ಹಿಡಿದುಕೊಂಡಳು.

“ಗುಣ ಆತು” ಎಂದು ಅಜ್ಜ ಹಣೆ ಒರೆಸಿಕೊಂಡ. “ಇನ್ನು ಮಲಗ್ಲಿ.” ಕೀಲಿ ತಿರುಗಿಸಿ ಇಂಜಿನ್ ಆರಿಸಲು ಕೈ ಹಾಕಿದ.

“ಅಯ್ಯಯ್ಯ, ಔಷಧಿ ಕುಡಿದ ಎತ್ತನ್ನ ಮಲಗಿಸ್ತಾರೇನ್ರೀ?” ಅಂದಳು ಅಜ್ಜಿ.

“ಮಲಗಿಸಬಾರ್ದು” ಎಂದ ಅಜ್ಜ, ಪಶುವೈದ್ಯದ ವಿಷಯ ಬಂದರೆ ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. “ಮಲಗಿದ್ರೆ ಮತ್ತೆ ಏಳಾದಿಲ್ಲ. ಸಗಣಿ ಹಾಕೋ ತನಕ ನಡೆಸ್ತಾನೇ ಇರಬೇಕು...” ಮಾತು ಮುಗಿಯುವುದರೊಳಗೆ ತಾನೆಲ್ಲಿಗೆ ಬಂದೆ ಎಂದು ಅವನಿಗೇ ಗೊತ್ತಾಯಿತು.

“ಮತ್ತೆ ನಡೆಸ್ರಿ.”

“ಇದು ಸಗಣಿ ಹಾಕ್ತೈತೇನೇ?”

“ಸೊರಬ ಬರೋದ್ರೊಳಗೆ ಹಾಕ್ಲಿಲ್ಲ ಅಂದ್ರೆ ಮುಂದಿಂದು ಅಲ್ಲೇ ನೋಡಾಣ.”

ಅಪ್ಪ ಪಾತ್ರೆ ಕೋಣೆಯಿಂದ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ. ಹೆಗಲು ಕುಣಿಯುತ್ತಿತ್ತು. ಅಜ್ಜ ಬಾನೆಟ್ ಇಳಿಸಿ ಅದರ ಮೇಲಿನ ವಿಭೂತಿ ನೋಡಿದ.

“ನಡೆಸ್ತೀನಿ. ಆದ್ರೆ ಹೇರು ಹಾಕಂಗಿಲ್ಲ. ಡಿಕ್ಕಿಗೆ ಒಂದು ಕಡ್ಡಿ ಇಡಂಗಿಲ್ಲ, ಮೇಲೂ ಕಟ್ಟಂಗಿಲ್ಲ.”

“ಪುಟ್ಟಿ ನಮ್ಮ ತೊಡಿ ಮ್ಯಾಲೆ” ಅಂದಳು ಅಜ್ಜಿ. “ಭಾರ ನಮ್ಮದು. ಅದರ ಮ್ಯಾಲೇನೂ ಇಲ್ಲ.”

ಈ ಲೆಕ್ಕ ಅಜ್ಜನಿಗೆ ಒಪ್ಪಿಗೆಯಾಯಿತು. ಹೀಗೆ ನಾವು ಹೊರಟೆವು. ಅಜ್ಜಿಯ ತೊಡೆಯ ಮೇಲೆ ಕುಬಸ ಬಳೆಗಳ ಪುಟ್ಟಿ, ಅಪ್ಪನ ಗದ್ದಕ್ಕೆ ತಾಗುವ ಹಾಗೆ ರೊಟ್ಟಿಯದು, ಅವ್ವನ ಮೇಲೆ ಉಂಡಿ ಚಕ್ಕುಲಿ, ನನ್ನ ತೊಡೆಯ ಮೇಲೆ ಕರ್ಚಿಕಾಯಿ. ಕಾರು ಖಾಲಿ ಎಂದು ಅಜ್ಜ ಲೆಕ್ಕ ಹಿಡಿದಿದ್ದ. ನಮ್ಮ ಕಾಲುಗಳು ಜೋಮು ಹಿಡಿದಿದ್ದವು. ಅಜ್ಜ ನಿಜಕ್ಕೂ ಕಾರನ್ನು ನಡೆಸಿದ. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋದರು.

“ಅಪ್ಪಾ, ಒಂಚೂರು ಜೋರಾಗಿ...” ಅಂದ ಅಪ್ಪ ರೊಟ್ಟಿಯ ಮರೆಯಿಂದ.

“ಔಷಧಿ ಕುಡಿದ ಎತ್ತನ್ನ ಓಡಿಸ್ತಾರೇನೋ?”

ಅದು ಅಜ್ಜಿ ತಾನೇ ಹೆಣೆದ ಮಾತು. ಅವಳ ಬೆರಳುಗಳು ಪುಟ್ಟಿಯ ಬಟ್ಟೆಯನ್ನು ಹಿಂಡುತ್ತಿದ್ದವು. ಹೊತ್ತು ಏರುತ್ತಿತ್ತು. ಶಿರಾಳಕೊಪ್ಪ ದಾಟಿ ಒಂದು ಏರು ಬಂದಾಗ ಅಜ್ಜ ಕಾರು ನಿಲ್ಲಿಸಿ, ಗಾಡಿ ಕಾಲದ ಹಾಗೆ, “ಇಳೀರಿ, ಏರೈತಿ” ಅಂದ. ಯಾರೂ ಎದುರಾಡಲಿಲ್ಲ, ಎದುರಾಡಿದರೆ ಇನ್ನೂ ತಡ. ಪುಟ್ಟಿಗಳನ್ನು ನೆಲಕ್ಕಿಡುವಂತಿಲ್ಲವಲ್ಲ, ತಲೆಯ ಮೇಲೆ, ಸೊಂಟದ ಮೇಲೆ ಹೊತ್ತು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ನಮ್ಮ ಖಾಲಿ ಕಾರಿನ ಹಿಂದೆ ನಾವೆಲ್ಲ ಸಾಲಾಗಿ ನಡೆದೆವು. ಅದೇ ಹೊತ್ತಿಗೆ ಸೊರಬದ ಬಸ್ಸು ಬಂತು. ಕಿಟಕಿಗಳಿಂದ ತಲೆಗಳು ಹೊರಬಂದವು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದ:

“ಅಜ್ಜಾರೇ, ಕಾರು ಜನಾನ ಹೊರ್ತದೋ, ಜನ ಕಾರನ್ನ ಹೊರ್ತಾರೋ?”

ಬಸ್ಸು ನಗುತ್ತಾ ಮುಂದೆ ಹೋಯಿತು. ಅಜ್ಜನ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಾಣಿಸಿತು. ಬಂಡಿ ಓಟದಲ್ಲಿ ಹೆಸರು ಮಾಡಿದ ಮನುಷ್ಯ ಅವನು. ಏರಿನ ತುದಿಯಲ್ಲಿ ಕಾರು ನಿಲ್ಲಿಸಿ, “ಹತ್ರಿ” ಅಂದ. ಹತ್ತಿದೆವು. “ಗುಣ ಆದ ಎತ್ತು ತಾನಾಗೇ ಓಡಿದ್ರೆ ಅದು ನಮ್ಮ ತಪ್ಪಲ್ಲ” ಎಂದು ತನಗೆ ತಾನೇ ಹೇಳಿಕೊಂಡು ಕಾಲು ಒತ್ತಿದ.

ಆ ಕಾರಿನಲ್ಲಿ ಅಂಥ ಓಟ ಇದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಹೊಸ ಪಂಪು ಬಾಯಾರಿದವನಿಗೆ ಕೊಡದಲ್ಲಿ ಕೊಟ್ಟ ಹಾಗೆ ಪೆಟ್ರೋಲ್ ಕೊಡುತ್ತಿತ್ತು. ಕೆಮ್ಮಿಲ್ಲ, ಮುಗ್ಗರಿಸುವುದಿಲ್ಲ. ಮರಗಳು ಹಿಂದಕ್ಕೆ ಹಾರಿದವು, ನನ್ನ ಪುಟ್ಟಿಯ ಕರ್ಚಿಕಾಯಿಗಳು ಒಳಗೇ ಕುಣಿದವು. ಸೊರಬ ಇನ್ನು ಸ್ವಲ್ಪವಿದೆ ಅನ್ನುವಾಗ ಅಜ್ಜ ಉದ್ದಕ್ಕೆ ಹಾರ್ನ್ ಹೊಡೆದು ಆ ಬಸ್ಸನ್ನು ದಾಟಿದ. ಅದರ ಕಡೆ ತಿರುಗಿಯೂ ನೋಡಲಿಲ್ಲ. ನೋಡುವ ಕೆಲಸವನ್ನು ಅಜ್ಜಿ ಮಾಡಿದಳು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ.

ಬೀಗರ ಮನೆಯ ಪಡಸಾಲೆಯಲ್ಲಿ ಗೌರತ್ತೆ ಮಣೆಯ ಮೇಲೆ ಕೂತಾಗಿತ್ತು. ಸುತ್ತ ಹೆಂಗಸರು. ಅವಳ ಪಕ್ಕದ ತಟ್ಟೆಯಲ್ಲಿ ಮಡಿಕೆ ಬಿಚ್ಚದ ಅಂಗಡಿ ಕುಬಸ. ನೀಲಮ್ಮ ಬಾಗಿಲಲ್ಲೇ ನಿಂತು ದಾರಿ ನೋಡುತ್ತಿದ್ದರು. ಅಜ್ಜಿ ಕಾಲಿಗೆ ನೀರು ಹಾಕಿಕೊಂಡು, ಪುಟ್ಟಿಯನ್ನು ಸೊಂಟದಿಂದ ಇಳಿಸದೆ ನೇರ ನಡೆದು, ಅದನ್ನು ಮಗಳ ಮುಂದೆಯೇ ಇಟ್ಟಳು. ಗೌರತ್ತೆಯ ಮುಖ ಅರಳಿದ್ದನ್ನು ಏನೆಂದು ಹೇಳಲಿ. “ಅವ್ವಾ, ಬಂದ್ಯಾ” ಎಂದಷ್ಟೇ ಅಂದಳು. ಅಜ್ಜಿ ಗ್ರೀಸ್ ಇನ್ನೂ ಪೂರ್ತಿ ಹೋಗದ ಕೈಗಳಿಂದಲೇ ತಾನು ಹೊಲಿದ ಕುಬಸ ತೊಡಿಸಿ ಗಂಟು ಕಟ್ಟಿದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಹೆಂಗಸರು ಆರತಿಯ ಹಾಡು ಎತ್ತಿಕೊಂಡರು. ಆ ಗದ್ದಲದಲ್ಲಿ ನೀಲಮ್ಮ ಪಕ್ಕದ ತಟ್ಟೆಯನ್ನು ಸೆರಗಿನ ಮರೆಯಲ್ಲಿ ಒಳಗೆ ಒಯ್ದದ್ದನ್ನು ಅಜ್ಜಿ ಓರೆಗಣ್ಣಿನಿಂದ ನೋಡಿದಳು. ಗೆದ್ದವರ ನೋಟ ಅದು.

ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ಅಜ್ಜ, “ಹೋಗಿ ಬರ್ತೀವಿ” ಎಂದು ಎದ್ದ. ನೀಲಮ್ಮ ಅಂಗಳಕ್ಕೆ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು.

“ನಿಮ್ಮನೇಲಿ ಸೋಮವಾರ ಇದನ್ನ ಹೂಡಲ್ಲ ಅಂತಿದ್ಲು ಗೌರಿ.”

“ಹೂಡಿಲ್ರೀ ಬೀಗಿತ್ತೇರೆ. ಔಷಧಿ ಹಾಕಿದ್ವಿ, ನಡೆಸ್ಕಂಡು ಬಂದ್ವಿ.”

ನಕ್ಕುಬಿಡುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ನಗಲಿಲ್ಲ.

“ಗುಣ ಆಯ್ತಾ?”

“ಪೂರ್ತಿ ಆತು.”

“ಗುಣ ಆದ್ಮೇಲೂ ಸೋಮವಾರ ನಡೆಸೋದು ಯಾವ ನ್ಯಾಯ ಮಾರಾಯ್ರೆ? ಇಲ್ಲೇ ಕಟ್ಟಿ. ನಾಳೆ ಹೂಡ್ಕೊಂಡು ಹೋದ್ರಾಯ್ತು.”

ಅಜ್ಜ ಅಜ್ಜಿಯ ಕಡೆ ನೋಡಿದ. ಅಜ್ಜಿ ನೀಲಮ್ಮನನ್ನು ನೋಡುತ್ತಿದ್ದಳು, ಇಷ್ಟು ದಿನ ನೋಡದೇ ಇದ್ದವರನ್ನು ನೋಡುವ ಹಾಗೆ.

“ಹೆಣ್ಣು ಕೊಟ್ಟ ಮನ್ಯಾಗೆ ರಾತ್ರಿ ಇರೋದು ನಮ್ಮಲ್ಲಿ...” ಎಂದು ಶುರುಮಾಡಿದಳು.

“ನೀವೆಲ್ಲಿ ಮಗಳ ಮನೇಲಿ ಇರ್ತೀರಿ? ಎತ್ತಿನ ಕಾವಲಿಗೆ ಇರ್ತೀರಿ. ಬನ್ನಿ ಒಳಗೆ.”

ಹಾಗೆ ನಾವು ಉಳಿದೆವು. ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಗೌರತ್ತೆಯನ್ನು ಕೂರಿಸಿಕೊಂಡು ಅಜ್ಜಿ ತಲೆ ಬಾಚುತ್ತಿದ್ದಳು. ನಾನು ಎಣ್ಣೆ ಬಟ್ಟಲು ಹಿಡಿದು ಅವರ ಮಾತು ಕೇಳುತ್ತಾ ಕೂತಿದ್ದೆ. ನೀಲಮ್ಮ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಯಾರ ಮುಖವನ್ನೂ ನೋಡದೆ ಅಂದರು:

“ಆ ಕುಬಸ ನಿಮಗೆ ಬೇಜಾರಾಗಿರ್ಬೇಕು. ನಿಮ್ಮನ್ನ ಆಡಿಕೊಳ್ಳೋಕೆ ತಂದಿದ್ದಲ್ಲ. ನನ್ನ ತವರು ಕ್ಯಾಸನೂರಿನ ಕಡೆ. ನನ್ನ ಕುಬಸಕ್ಕೆ ಮಣೆ ಮೇಲೆ ಕೂರಿಸಿದ್ರು, ಬೆಳಿಗ್ಗೆಯಿಂದ. ಆ ವರ್ಷ ನಮ್ಮೂರಲ್ಲಿ ಮಂಗನ ಕಾಯಿಲೆ. ಅಮ್ಮ ಮಲಗಿದಾಳೆ ಅಂತ ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ದೀಪ ಹಚ್ಚೋವರೆಗೂ ಕೂತಿದ್ದೆ. ಆಮೇಲೆ ಹಾಗೇ ಎಬ್ಬಿಸಿದ್ರು. ನಮ್ಮನೇಲಿ ಇನ್ಯಾವ ಹುಡುಗಿನೂ ಹಾಗೆ ಏಳ್ಬಾರ್ದು ಅಂತ ತಂದಿಟ್ಟೆ ಅಷ್ಟೆ.”

ಅಜ್ಜಿಯ ಬಾಚಣಿಗೆ ಗೌರತ್ತೆಯ ಜಡೆಯ ನಡುವೆ ನಿಂತಿತು. ಅಜ್ಜಿ ಎದ್ದು ಒಳಗೆ ಹೋದಳು. ಗೌರತ್ತೆಯನ್ನು ಕೂಗಿ ಅದೆಲ್ಲಿದೆ, ಇದೆಲ್ಲಿದೆ ಎಂದು ಕೇಳಿದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ, ಅದರ ಮೇಲೆ ಆ ಅಂಗಡಿ ಕುಬಸ.

“ಏಳ್ರಿ, ಮಣೆ ಮೇಲೆ ಕೂತ್ಕಳ್ರಿ” ಅಂದಳು. “ಉಡಿ ತುಂಬ್ತೀನಿ.”

ನೀಲಮ್ಮ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕಣ್ಣು ಮಾತ್ರ ನಗುತ್ತಿರಲಿಲ್ಲ.

“ಏನು ನೀವು! ಸೊಸೆ ಬಸುರಾಗಿರೋವಾಗ ನಂಗೆ ಕುಬಸವಾ? ಈ ವಯಸ್ಸಿಗೆ?”

ಅಜ್ಜಿ ಅವರ ಕೈ ಹಿಡಿದು ಎಬ್ಬಿಸಿದಳು.

“ತಡ ಆಗೈತಿ ಅಷ್ಟೇರಿ. ನಿಮಗೇ ಗೊತ್ತಲ್ಲ, ನಮ್ಮ ಕಾರು ಯಾವತ್ತು ಹೊತ್ತಿಗೆ ಸರಿಯಾಗಿ ಬಂದೈತಿ?”